ತೂಗುರುಳೆಗೆ ಕಟ್ಟಿದ ಹಗ್ಗ

ಕೇಳುವವರು ಗೋಡೆಗೆ ಒರಗಿ, ಕಾಲು ಚಾಚಿ ಕೂತುಕೊಳ್ಳಿ. ನಾನು ನಿಮ್ಮ ಕಡೆ ಮುಖ ಮಾಡಿ ಹೇಳುವ ಹಾಗಿಲ್ಲ. ನನ್ನ ಕಣ್ಣು ತೂಗುರುಳೆಯ ಮೇಲಿರಬೇಕು, ಕೈ ಕಲ್ಲು ಪೇರಿಸಿದ ತಟ್ಟೆಯ ಹತ್ತಿರವಿರಬೇಕು. ಮೂವತ್ತೊಂದು ವರ್ಷದಿಂದ ನಾನು ಹೀಗೇ ಕೂತು ಮಾತಾಡಿದವಳು. ನನ್ನ ಮಗಳು ಮಹಾನಂದಾ ಮಾತು ಕಲಿತದ್ದೂ ನನ್ನ ಬೆನ್ನನ್ನು ನೋಡುತ್ತಲೇ.

ನಮ್ಮೂರಿಗೆ ದಿನ ಬರುವುದು ಈ ಲೇಪದ ಮನೆಯಿಂದ. ಬರಿ ಹಾಳೆಯ ಸುರುಳಿ ಮೂಡಣ ಗೋಡೆಯ ಬದಿಗಿರುತ್ತದೆ, ವರ್ಷದ ಮೊದಲಿಗೆ ಮನೆಯೆತ್ತರ. ಅದರಿಂದ ಹಾಳೆ ಇರುವೆ ಸಾಲು ಸಾಗುವ ವೇಗದಲ್ಲಿ ಬಿಚ್ಚಿಕೊಂಡು, ತೂಗುರುಳೆಯ ಕೆಳಗೆ ಇಳಿದು ಮೇಲೆದ್ದು, ಲೇಪದ ತೊಟ್ಟಿಯನ್ನು ಸವರಿಕೊಂಡು, ಒಣಗೂಡಿನ ಬಿಸಿಯಲ್ಲಿ ಹಾದು, ಪಡುವಣ ಗೋಡೆಯ ಬಳಿ ಇನ್ನೊಂದು ಸುರುಳಿಯಾಗಿ ಸುತ್ತಿಕೊಳ್ಳುತ್ತದೆ. ಹಾಳೆಗೆ ಲೇಪ ತಾಗುವ ಗೆರೆಯೇ ನಮ್ಮೂರಿನ ಈಗ. ಆಚೆ ಸುತ್ತಿಕೊಂಡದ್ದು ಆಗಿಹೋದದ್ದು, ಈಚೆ ಬರಿದಾಗಿರುವುದು ಆಗಬೇಕಾದದ್ದು. ಬರಿ ಸುರುಳಿಗಳು ವರ್ಷಕ್ಕೊಂದು ಬಂಡಿಯ ಮೇಲೆ ಬರುತ್ತವೆ. ಎಲ್ಲಿಂದ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ನಿಮ್ಮೂರಲ್ಲಿ ಬೆಳಕು ಹರಿದಾಗ ನೀವು ಎದ್ದು ಬಾಗಿಲು ತೆರೆಯುತ್ತೀರೋ, ಯಾಕೆ ಹರಿಯಿತೆಂದು ಕೇಳುತ್ತಾ ಕೂರುತ್ತೀರೋ?

ತೂಗುರುಳೆಯೆಂದರೆ ಇದೇ, ಹಾಳೆಯ ಜೋಲಿಯಲ್ಲಿ ಮಲಗಿರುವ ಈ ಉದ್ದನೆಯ ಕಬ್ಬಿಣದ ಉರುಳೆ. ಹಾಳೆ ಬಿಗಿಯಾದರೆ ಮೇಲೇಳುತ್ತದೆ, ಸಡಿಲಾದರೆ ಕೆಳಗಿಳಿಯುತ್ತದೆ. ಅದು ಮೇಲೆದ್ದರೆ ನಾನು ಬ್ರೇಕಿನ ತಟ್ಟೆಯಿಂದ ಒಂದು ಕಲ್ಲು ತೆಗೆಯುತ್ತೇನೆ, ಇಳಿದರೆ ಒಂದು ಹಾಕುತ್ತೇನೆ. ಸುರುಳಿಯ ಅಚ್ಚಿಗೆ ಸುತ್ತಿದ ತೊಗಲಿನ ಪಟ್ಟಿಗೆ ಆ ತಟ್ಟೆ ನೇತುಬಿದ್ದಿದೆ. ಕಲ್ಲಿನ ಭಾರಕ್ಕೆ ಪಟ್ಟಿ ಬಿಗಿದು, ಸುರುಳಿ ತನ್ನಿಷ್ಟಕ್ಕೆ ಉರುಳದಂತೆ ತಡೆಯುತ್ತದೆ. ವರ್ಷದ ಮೊದಲಿಗೆ ಅರವತ್ತು ಕಲ್ಲು. ಸುರುಳಿ ಸಣ್ಣದಾದಂತೆ ಅದೇ ಭಾರ ಹಾಳೆಯನ್ನು ಹೆಚ್ಚು ಜಗ್ಗುತ್ತದೆ, ಹಾಗಾಗಿ ಒಂದೊಂದೇ ಇಳಿಸುತ್ತ ಹೋಗಬೇಕು. ಇಳಿಸಿದ ಪ್ರತಿ ಕಲ್ಲನ್ನೂ ಕಣ್ಣಿಗೊತ್ತಿಕೊಂಡು ಗೋಡೆಯ ಗೂಡಿನಲ್ಲಿರುವ ನಮ್ಮ ದೇವಿ, ತಾಯಿ ನೂಲಮ್ಮನ ಮುಂದಿಡುತ್ತೇನೆ. ಇದಿಷ್ಟೇ ನನ್ನ ಕೆಲಸ, ಇದಿಷ್ಟೇ ನನ್ನ ಪೂಜೆ.

ಹಾಳೆ ಸಡಿಲಾದರೆ ನೆರಿಗೆ ಬೀಳುತ್ತದೆ, ನೆರಿಗೆ ಬಿದ್ದ ಕಡೆ ಅದೇ ಹೊತ್ತು ಎರಡು ಸಲ ಬರುತ್ತದೆ. ಒಂದು ಶ್ರಾವಣದಲ್ಲಿ ಗುಡಿಯ ಮಂಗಳಾರತಿ ಎರಡು ಸಲ ಆಗಿ, ಪ್ರಸಾದ ಎರಡು ಸಲ ಸಿಕ್ಕಿತೆಂದು ಊರೆಲ್ಲ ಹಿಗ್ಗಿತು. ಮಜ್ಜಿಗೆ ಮಾರುವ ಕಾಶವ್ವನಿಗೆ ಮಾತ್ರ ಅವಳ ಅತ್ತೆ ಬೈದದ್ದೇ ಬೈಗುಳ ಇನ್ನೊಮ್ಮೆ ಬಂತು, ಒಂದಕ್ಷರ ತಪ್ಪದೆ. ಅಂದಿನಿಂದ ಹಾಳೆ ಸಡಿಲಾಗುವ ತೇವದ ತಿಂಗಳುಗಳಲ್ಲಿ ನಮ್ಮೂರಿನವರು ಕೆಟ್ಟ ಮಾತಾಡುವ ಮೊದಲು ನುಂಗಿಕೊಳ್ಳುತ್ತಾರೆ. ಹಾಳೆ ಬಿಗಿಯಾದರೆ ಅದರ ಅಗಲ ಕುಗ್ಗುತ್ತದೆ, ದಿನವೂ ಇಕ್ಕಟ್ಟಾಗುತ್ತದೆ. ಅಂಥ ದಿನ ಒಲೆಯ ಮೇಲೆ ಇಟ್ಟದ್ದು ಬೇಯುವಷ್ಟು ಹೊತ್ತಿರುವುದಿಲ್ಲ, ಜನ ಅರ್ಧ ಮಾತಿಗೇ ಎದ್ದು ಹೋಗುತ್ತಾರೆ. ಅದಕ್ಕೇ ನಾವು ಮದುವೆಗಳನ್ನು ಸುರುಳಿ ದಪ್ಪವಿರುವ ತಿಂಗಳಲ್ಲಿ ಇಟ್ಟುಕೊಳ್ಳುತ್ತೇವೆ. ಹೆರಿಗೆಯನ್ನು ಹಾಗೆ ಇಟ್ಟುಕೊಳ್ಳಲು ಬರುವುದಿಲ್ಲ.

ಹಾಳೆ ಹರಿದದ್ದು ಒಂದೇ ಸಲ, ನಾನು ಹುಟ್ಟುವ ಎರಡು ವರ್ಷ ಮೊದಲು. ಸೋಮವಾರ ಮಲಗಿದ ಊರು ಬುಧವಾರ ಎದ್ದಿತು. ನಡುವಿನ ಮಂಗಳವಾರ ಯಾರಿಗೂ ಸಿಗಲಿಲ್ಲ. ಕರೆಯಬೇಕಿದ್ದ ಹಾಲು ಕೆಚ್ಚಲಿನಲ್ಲಿ ಇರಲಿಲ್ಲ, ಬಿಂದಿಗೆಯಲ್ಲೂ ಇರಲಿಲ್ಲ. ಸೋಮವಾರ ಸಂಜೆ ನನ್ನವ್ವನಿಗೆ ಚೊಚ್ಚಲ ಹೆರಿಗೆಯ ನೋವು ಎದ್ದಿತ್ತು. ಬುಧವಾರ ಬೆಳಿಗ್ಗೆ ಅವಳ ಹೊಟ್ಟೆ ಬರಿದಾಗಿತ್ತು, ಹಾಸಿಗೆ ಒದ್ದೆಯಾಗಿತ್ತು, ಮಗು ಇರಲಿಲ್ಲ. ಸತ್ತ ಮಗುವೂ ಇರಲಿಲ್ಲ. ಅವ್ವ ಆ ಮಗುವಿಗಾಗಿ ತಾನೇ ಹೊಸೆದಿದ್ದ ತೊಟ್ಟಿಲ ಹಗ್ಗವನ್ನು ಅಟ್ಟದ ಮೇಲಿಟ್ಟಳು. ನಾನು ಹುಟ್ಟಿದಾಗ ಬೇರೆ ಹಗ್ಗ ತಂದರು. ಆಗ ಬ್ರೇಕು ಹಿಡಿಯುತ್ತಿದ್ದವನು ನನ್ನಪ್ಪ. ಆ ಮಂಗಳವಾರದ ಬಗ್ಗೆ ಅವನು ಸಾಯುವವರೆಗೂ ಬಾಯಿ ಬಿಡಲಿಲ್ಲ.

ಈಗ ನಿಮಗೆ ನನ್ನ ಹೆದರಿಕೆ ತಿಳಿಯಿತು. ಕಳೆದ ಸಲ ಸುರುಳಿ ಮುಗಿಯಲು ಎಂಟು ದಿನವಿದ್ದಾಗ ಬಸುರಿ ಮಹಾನಂದಾಳಿಗೆ ಒಂಬತ್ತು ತಿಂಗಳು ತುಂಬಿತ್ತು. ಅಳಿಯ ಹೊಸ ಸುರುಳಿಯ ಬಂಡಿಯ ಜೊತೆ ದಾರಿಯಲ್ಲಿದ್ದ. ಸುರುಳಿಯ ಕೊನೆಯ ಎಂಟು ದಿನ ಬ್ರೇಕು ಹಿಡಿದವರು ಈ ಹೊಸ್ತಿಲು ದಾಟುವಂತಿಲ್ಲ, ಹಳೆಯದರ ತುದಿಗೆ ಹೊಸದರ ತುದಿ ಅಂಟಿಸುವವರೆಗೂ ಇಲ್ಲೇ ಊಟ, ಇಲ್ಲೇ ನಿದ್ದೆ. ನಾನು ಬರುವಾಗ ಅವ್ವನ ಹಗ್ಗವನ್ನು ಅಟ್ಟದಿಂದ ಇಳಿಸಿ ತಂದಿದ್ದೆ. ಎಂಟು ದಿನ ತಾಯಿ ನೂಲಮ್ಮನ ಗೂಡಿನಲ್ಲಿಟ್ಟು, ಮೊಮ್ಮಗುವಿನ ತೊಟ್ಟಿಲಿಗೆ ಕಟ್ಟಬೇಕೆಂದಿದ್ದೆ.

ಆ ವರ್ಷದ ಸುರುಳಿ ಬರುವಾಗಲೇ ಡೊಂಕಾಗಿತ್ತು. ದಪ್ಪವಿದ್ದಾಗ ಗೊತ್ತಾಗಲಿಲ್ಲ. ಸಣ್ಣದಾದ ಮೇಲೆ ಪ್ರತಿ ಸುತ್ತಿಗೂ ಒಮ್ಮೆ ಜಗ್ಗಿ ಒಮ್ಮೆ ಬಿಡುತ್ತಿತ್ತು. ಅದಕ್ಕೆ ತಕ್ಕಂತೆ ತೂಗುರುಳೆ ಮೇಲೆ ಕೆಳಗೆ, ಮೇಲೆ ಕೆಳಗೆ. ಮೊದಲು ಒಂದು ಬೆರಳು, ಆಮೇಲೆ ಒಂದು ಗೇಣು. ನೂಲಮ್ಮ ತಾಯಿಯ ಹೆಸರನ್ನು ನೂರೆಂಟು ಸಲ ಹೇಳುವ ಅಭ್ಯಾಸ ನನಗೆ. ಆ ದಿನಗಳಲ್ಲಿ ಇಪ್ಪತ್ತಕ್ಕೆ ಬರುವಷ್ಟರಲ್ಲಿ ಲೆಕ್ಕ ತಪ್ಪುತ್ತಿತ್ತು. ಪಡುವಣ ಬದಿಯಲ್ಲಿ ಸುತ್ತುವ ಸುರುಳಿಯನ್ನು ನೋಡಿಕೊಳ್ಳುವವರು ದಾವಲ್‌ಸಾಬರು, ಎಪ್ಪತ್ತು ದಾಟಿದವರು, ಅಪ್ಪನ ಕಾಲದಿಂದಲೂ ಇದೇ ಮನೆಯಲ್ಲಿದ್ದವರು. ನಾನು ಕಾಕಾ ಎನ್ನುತ್ತೇನೆ. ದಿನಕ್ಕೆರಡು ಸಲ ನನ್ನ ಬದಿಗೆ ಬಂದು, ನನ್ನ ಮುಖವನ್ನೂ ಉರುಳೆಯನ್ನೂ ನೋಡಿ ಹೋಗುತ್ತಿದ್ದರು.

“ಸಂಗವ್ವ, ಅದು ಕುಣಿಯೂದು ನೋಡಿ ಹೆದರಬ್ಯಾಡ,” ಎಂದಿದ್ದರು. “ಡೊಂಕೆಲ್ಲಾ ಅದs ನುಂಗಾಕತ್ತೈತಿ. ಹಾಳಿ ನೋಡು, ಹಾಳಿ ನೆಟ್ಟಗೈತಿ.”

ನಾನು ಹೂಂ ಎಂದೆ. ಆದರೆ ನೋಡಿದ್ದು ಹಾಳೆಯನ್ನಲ್ಲ.

ಐದನೆಯ ದಿನ ಬೆಳಿಗ್ಗೆ ಕಾಶವ್ವ ಮಜ್ಜಿಗೆಯ ಗಡಿಗೆ ಹೊತ್ತುಕೊಂಡೇ ಹೊಸ್ತಿಲಿಗೆ ಬಂದಳು. ಮಹಾನಂದಾಳಿಗೆ ನೋವು ಶುರುವಾಗಿದೆ, ಸೂಲಗಿತ್ತಿ ತಿಪ್ಪವ್ವ ಬಂದು ಕೂತಿದ್ದಾಳೆ, ನೀರು ಕಾಯುತ್ತಿದೆ, ಹೆದರುವುದು ಏನೂ ಇಲ್ಲ ಎಂದು ಹೇಳಿದಳು. ಹೇಳಿದ್ದನ್ನೇ ಮೂರು ಬಗೆಯಲ್ಲಿ ಹೇಳಿದಳು. ತಿಪ್ಪವ್ವನ ಸೊಸೆಯ ಕಥೆ, ತನ್ನ ಎಮ್ಮೆಯ ಕಥೆ ಎಲ್ಲ ಆಯಿತು. ಹೋಗುವಾಗ ತಿರುಗಿ ನಿಂತು ನಕ್ಕಳು.

“ಹೆಣ್ಣs ಹುಟ್ಟತೈತಿ, ಬೇಕಾದ್ರ ನೋಡು. ನಿನ್ನಂಗ ಬಂದವರಿಗೆ ಬೆನ್ನು ತೋರಿಸಿ ಕೂಡೂ ಹೆಣ್ಣು.”

ಅವಳು ಹೋದ ಮೇಲೆ ಮನೆಯೊಳಗೆ ಉರುಳೆಯ ಸದ್ದೊಂದೇ ಉಳಿಯಿತು. ಮೇಲೆ ಹೋದಾಗ ಕಿರ್ರ್, ಕೆಳಗೆ ಬಂದಾಗ ಧಪ್. ಮೇಲೆ ಹೋದಾಗ ಹಾಳೆ ಹರಿಯುತ್ತದೆ ಎನಿಸುತ್ತಿತ್ತು. ಕೆಳಗೆ ಬಂದಾಗ ನೆರಿಗೆ ಬಿದ್ದು ನನ್ನ ಮಗಳಿಗೆ ಅದೇ ನೋವು ಎರಡೆರಡು ಸಲ ಬರುತ್ತದೆ ಎನಿಸುತ್ತಿತ್ತು. ಕಲ್ಲು ತೆಗೆಯಲು ಕೈ ಚಾಚಿದರೆ ಅಷ್ಟರಲ್ಲಿ ಅದು ಇಳಿದಿರುತ್ತಿತ್ತು, ಹಾಕಲು ಹೋದರೆ ಎದ್ದಿರುತ್ತಿತ್ತು. ಈ ಒಂದು ದಿನ, ಈ ಒಂದೇ ದಿನ ಇದನ್ನು ಸುಮ್ಮನಿರಿಸು ತಾಯಿ ಎಂದು ಬೇಡಿಕೊಂಡೆ. ಬೇಡಿಕೊಂಡು ಕಣ್ಣು ತೆರೆದಾಗ ಎದುರಿಗೆ ಗೂಡಿನಲ್ಲಿ ಅವ್ವನ ಹಗ್ಗವಿತ್ತು. ತಾಯಿಯೇ ಕೊಟ್ಟಳೆಂದುಕೊಂಡೆ. ಆ ಕ್ಷಣ ನನಗೆ ಅನುಮಾನ ಕೂಡ ಬರಲಿಲ್ಲ, ಈಗ ಹೇಳಲು ನಾಚಿಕೆಯಾಗುತ್ತದೆ. ಉರುಳೆ ಸರಿ ನಡುವಿಗೆ ಬಂದಾಗ ಅದನ್ನು ಎರಡೂ ಬದಿ ಹಿಡಿದಿರುವ ಕಬ್ಬಿಣದ ತೋಳುಗಳನ್ನು ಕಂಬಕ್ಕೆ ಸೇರಿಸಿ ಮೂರು ಸುತ್ತು ಸುತ್ತಿ ಗಂಟು ಹಾಕಿದೆ.

ಅದು ನಿಂತಿತು. ಎಂಥ ಶಾಂತಿ ಎನ್ನುತ್ತೀರಿ. ಕಿರ್ರ್ ಇಲ್ಲ, ಧಪ್ ಇಲ್ಲ. ನೂರೆಂಟು ನಾಮ ಲೆಕ್ಕ ತಪ್ಪದೆ ಮುಗಿಯಿತು. ಉರುಳೆ ಕಂಬದ ಮೇಲಿನ ಗುರುತಿನ ಗೆರೆಗೆ ಸರಿಯಾಗಿ ನಿಂತಿದೆ, ಅಂದ ಮೇಲೆ ಬಿಗಿ ಸರಿಯಾಗಿದೆ, ಕಲ್ಲು ಮುಟ್ಟುವುದು ಬೇಡ ಎಂದುಕೊಂಡೆ. ಕಟ್ಟಿಹಾಕಿದ ಉರುಳೆ ಏನು ಹೇಳೀತು ಎಂಬುದು ಮೂವತ್ತು ವರ್ಷ ಬ್ರೇಕು ಹಿಡಿದವಳಿಗೆ ಹೊಳೆಯಲಿಲ್ಲ. ಆ ಬೆಳಿಗ್ಗೆ ಇಳಿಸಬೇಕಾಗಿದ್ದ ಎರಡು ಕಲ್ಲು ತಟ್ಟೆಯಲ್ಲೇ ಉಳಿದವು.

ಮೊದಲು ಬದಲಾದದ್ದು ಬೀದಿಯ ಸದ್ದು. ಕಿಟಕಿಯಿಂದ ಕೇಳುತ್ತಿದ್ದ ಮಾತುಗಳು ಮೊಂಡಾದವು. ಯಾರೋ ಯಾರನ್ನೋ ಕೂಗಿದರು, ಹೆಸರಿನ ಅರ್ಧವೇ ಕೇಳಿಸಿತು. ಆಮೇಲೆ ಒಂದು ಸಣ್ಣ ಗುಂಯ್ ಶಬ್ದ, ಸೊಳ್ಳೆಯೆಂದು ಕೈ ಬೀಸಿದೆ. ಹೋಗಲಿಲ್ಲ. ಕೈ ಹಾಳೆಯ ಹತ್ತಿರ ಹೋದಾಗ ತಿಳಿಯಿತು, ಗುಂಯ್‌ಗುಡುತ್ತಿರುವುದು ಹಾಳೆ. ಅದರ ಅಂಚು ಎರಡೂ ಕಡೆ ಅಗಲ ತೋರಿಸುವ ಗುರುತಿನ ಮೊಳೆಯಿಂದ ಒಳಗೆ ಸರಿದಿತ್ತು. ನನಗೆ ಉಸಿರು ಪೂರಾ ಎಳೆದುಕೊಳ್ಳಲು ಆಗಲಿಲ್ಲ.

ಆಗಲೇ ಕಾಶವ್ವ ಮತ್ತೆ ಬಂದಳು. ಗಡಿಗೆ ಇರಲಿಲ್ಲ, ಸೆರಗು ಜಾರಿತ್ತು.

“ನೋವಿಗೆ ಬಿಡುವಿಲ್ಲ,” ಎಂದಳು. “ತಿಪ್ಪವ್ವ ಹೆದರ್ಯಾಳ.”

ಅಷ್ಟೇ ಹೇಳಿ ಓಡಿದಳು. ಒಂದು ಲೋಟ ಮಜ್ಜಿಗೆಗೆ ಹತ್ತು ಮನೆಯ ಸುದ್ದಿ ಸೇರಿಸಿ ಕೊಡುವ ಕಾಶವ್ವ ಅಷ್ಟೇ ಹೇಳಿದಳೆಂದರೆ ಆ ದಿನ ಎಷ್ಟು ಇಕ್ಕಟ್ಟಾಗಿತ್ತೋ ನೀವೇ ತಿಳಿದುಕೊಳ್ಳಿ. ಹೆತ್ತವರಿಗೆ ಗೊತ್ತು, ಒಂದು ನೋವಿಗೂ ಇನ್ನೊಂದಕ್ಕೂ ನಡುವೆ ದೇವರು ಒಂದಿಷ್ಟು ಜಾಗ ಇಟ್ಟಿರುತ್ತಾನೆ, ಆ ಜಾಗದಲ್ಲೇ ಹೆಂಗಸು ಬದುಕುವುದು. ಆ ಜಾಗವನ್ನು ನಾನು ಹಗ್ಗ ಹಾಕಿ ಬಿಗಿದಿದ್ದೆ.

ಗಂಟಿಗೆ ಕೈ ಹಾಕಿದೆ. ಅದು ಕಲ್ಲಾಗಿತ್ತು. ಹಲ್ಲಿನಿಂದ ಬಿಚ್ಚಲು ಬಗ್ಗಿದಾಗ ಕಣ್ಣಿಗೆ ಬಿದ್ದದ್ದು ಅದು: ಹಾಳೆಯ ಬಲ ಅಂಚಿನಲ್ಲಿ ಉಗುರಿನಗಲ ಒಂದು ಸೀಳು. ಸುರುಳಿಯ ಕಡೆಯಿಂದ ಹುಟ್ಟಿ, ಇರುವೆಯ ವೇಗದಲ್ಲಿ ಲೇಪದ ತೊಟ್ಟಿಯ ಕಡೆಗೆ ಹೊರಟಿತ್ತು. ತೊಟ್ಟಿಗೆ ಹದಿನೈದು ಮೊಳ ದೂರ, ಅಲ್ಲಿಂದಾಚೆ ಒಣಗೂಡು. ಒಣಗೂಡಿನ ಬಿಸಿಗೆ ಹಾಳೆ ಇನ್ನಷ್ಟು ಬಿಗಿಯುತ್ತದೆ. ಇಷ್ಟು ಜಗ್ಗಿನಲ್ಲಿ ಆ ಸೀಳು ಅಲ್ಲಿಗೆ ಹೋದರೆ ಹಾಳೆ ಈ ಅಂಚಿನಿಂದ ಆ ಅಂಚಿಗೆ ಹರಿಯುತ್ತದೆ. ಈ ದಿನ ಇರುವುದಿಲ್ಲ. ಈ ದಿನದಲ್ಲಿ ಹುಟ್ಟುವುದೂ ಇರುವುದಿಲ್ಲ.

“ಬಿಚ್ಚಬ್ಯಾಡ.”

ಹಿಂದೆ ದಾವಲ್ ಕಾಕಾ ನಿಂತಿದ್ದರು. ಹಾಳೆಯ ಗುಂಯ್ ಅವರ ಬದಿಗೂ ಕೇಳಿಸಿತ್ತು. ಅವರ ಕಣ್ಣು ಹಗ್ಗದ ಮೇಲಿತ್ತು, ಮುಖದಲ್ಲಿ ರಕ್ತವಿರಲಿಲ್ಲ. ನಾನು ಏನೋ ಹೇಳಲು ಹೋದೆ, ಕೈಯೆತ್ತಿ ತಡೆದರು. ಸೊಂಟದಿಂದ ಹಾಳೆ ಕೊಯ್ಯುವ ಚಾಕು ತೆಗೆದು ಹಿಡಿದುಕೊಂಡರು, ಆದರೆ ಹಗ್ಗಕ್ಕೆ ಮುಟ್ಟಿಸಲಿಲ್ಲ.

“ಮೊದಲು ಕಲ್ಲು. ಒಂದs ಒಂದು ಇಳಸು.”

ಒಂದು ಇಳಿಸಿದೆ. ಕಣ್ಣಿಗೊತ್ತಿಕೊಳ್ಳಲಿಲ್ಲ, ನೆಲಕ್ಕಿಟ್ಟೆ. ನಿಲ್ಲು ಎಂದರು. ಸೀಳು ಮೂರು ಮೊಳ ಸಾಗಿತು. ನಿಂತುಕೊಳ್ಳುವುದು ಎಷ್ಟು ಕಷ್ಟವೆಂದು ನನಗೆ ಅಂದು ತಿಳಿಯಿತು. ಮಗಳ ಕೂಗು ಕೇಳಿಸುವಷ್ಟು ಮನೆ ಹತ್ತಿರವಿಲ್ಲ, ಆದರೂ ಕೇಳಿಸುತ್ತಿತ್ತು. ಇನ್ನೊಂದು ಎಂದರು. ಇಳಿಸಿದೆ. ಗುಂಯ್ ಸ್ವಲ್ಪ ತಗ್ಗಿತು. ಮತ್ತೆ ನಿಲ್ಲು ಎಂದರು. ಸೀಳು ಇನ್ನೂ ಮೂರು ಮೊಳ ಸಾಗಿತು. ಅದರ ಬಾಯಿ ಒಂದು ಕೂದಲಿನಷ್ಟು ದೊಡ್ಡದಾದದ್ದು ನಮ್ಮಿಬ್ಬರಿಗೂ ಕಂಡಿತು. ಮೂರನೆಯ ಕಲ್ಲು ಇಳಿದ ಮೇಲೆ, ಉರುಳೆಯನ್ನು ಎರಡೂ ತೋಳಲ್ಲಿ ತಬ್ಬಿಕೋ ಎಂದರು. ತಬ್ಬಿಕೊಂಡೆ. ತಣ್ಣಗಿತ್ತು, ನಡುಗುತ್ತಿತ್ತು. ಎದೆಗೆ ಒತ್ತಿ, ಉಸಿರು ಬಿಗಿಹಿಡಿದು, ಬಲವಾಗಿ ಹಿಡಿದುಕೊಂಡೆ.

“ಹಿಡೀಬ್ಯಾಡ ಮಗಳ,” ಎಂದರು ಕಾಕಾ, ಗಂಟಿಗೆ ಚಾಕು ಇಟ್ಟು. “ಅದರ ಜೋಡಿ ಹೋಗು.”

ಹಗ್ಗ ತುಂಡಾಯಿತು. ಉರುಳೆ ನನ್ನನ್ನೂ ಎತ್ತಿಕೊಂಡು ಮೇಲೆದ್ದಿತು. ಹಿಮ್ಮಡಿ ನೆಲ ಬಿಟ್ಟಿತು. ತಡೆಯಬೇಕೆಂದು ಮೈಯೆಲ್ಲ ಹೇಳಿತು, ತಡೆಯಲಿಲ್ಲ. ಅದು ಏರಿದಷ್ಟು ಏರಿದೆ. ಇಳಿಯುವಾಗ ನನ್ನ ಭಾರವನ್ನು ಸ್ವಲ್ಪ ಸ್ವಲ್ಪವೇ ಅದರ ಮೇಲೆ ಬಿಟ್ಟು, ಕೆಳಗೆ ಬಂದು ಮಂಡಿಯೂರಿದೆ. ಮತ್ತೆ ಎದ್ದೆ. ಮತ್ತೆ ಇಳಿದೆ. ನಾಲ್ಕನೆಯ ಸಲಕ್ಕೋ ಐದನೆಯ ಸಲಕ್ಕೋ ಅದರ ಏರಿಳಿತ ನನ್ನ ಉಸಿರಿನ ಜೊತೆ ಕೂಡಿತು. ನಾನು ಏನು ಹಾಡುತ್ತಿದ್ದೆನೋ ನನಗೆ ಗೊತ್ತಿಲ್ಲ. ಜೋ ಜೋ ಎಂದು ಹಾಡುತ್ತಿದ್ದೆ ಎಂದು ಕಾಕಾ ಆಮೇಲೆ ಹೇಳಿದರು.

ಗುಂಯ್ ನಿಂತಿತು. ಹಾಳೆಯ ಅಂಚು ಮೆಲ್ಲಗೆ ಮೊಳೆಗೆ ಹಿಂತಿರುಗಿತು. ಸೀಳು ಬಾಯಿ ಮುಚ್ಚಿಕೊಂಡು ಲೇಪದ ಗೆರೆಗೆ ಹೋಗಿ ಮುಟ್ಟಿತು.

ಆ ಗೆರೆಯಲ್ಲಿ ಏನಾಯಿತೆಂದು ಊರಿನಲ್ಲಿ ಯಾರೂ ಹೇಳಲಾರರು. ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಇರಲಿಲ್ಲ, ಅಷ್ಟೇ. ಕ್ಷೌರದ ಕತ್ತರಿ ತೆರೆದಿದ್ದದ್ದು ಮುಚ್ಚಿತ್ತು, ಉಕ್ಕಲು ಬಂದಿದ್ದ ಹಾಲು ಆಗಲೇ ಒಲೆಯ ಮೇಲೆ ಹರಿದಿತ್ತು. ನಾನು ಮಂಡಿಯೂರಿದ್ದವಳು ನಿಂತಿದ್ದೆ. ಸೀಳು ಗೆರೆಯಾಚೆ ಲೇಪ ಮೆತ್ತಿಕೊಂಡು ಹೋಗುತ್ತಿತ್ತು. ಒಣಗೂಡಿನ ಬಾಯಿಯಲ್ಲಿ ನಾವಿಬ್ಬರೂ ಉಸಿರು ಹಿಡಿದು ನೋಡಿದೆವು. ಒಳಗೆ ಹೋಯಿತು. ಹೊರಗೆ ಬಂತು, ಉಗುರಿನಗಲವಾಗಿಯೇ. ಪಡುವಣ ಸುರುಳಿಯಲ್ಲಿ ಒಂದು ಸುತ್ತು ಸುತ್ತಿ ಅಡಗಿತು.

ನಾನು ನೆಲಕ್ಕೆ ಕೂತು, ಕಟ್ಟಿದ್ದು ನಾನೇ ಎಂದೆ. ಹಗ್ಗದ ಎರಡು ತುಂಡುಗಳನ್ನು ಕಾಕಾ ಎತ್ತಿಕೊಂಡು ಕೈಯಲ್ಲಿ ತಿರುವಿ ನೋಡಿದರು.

“ಗೊತ್ತೈತಿ. ದೇವರ ಮುಂದಿನ ಗಂಟಿನಂಗ ಹಾಕೀದಿ, ಮೂರು ಸುತ್ತು.” ತುಂಡುಗಳನ್ನು ನನ್ನ ಪಕ್ಕದಲ್ಲಿಟ್ಟರು. “ನಿಮ್ಮಪ್ಪನೂ ಮೂರs ಹಾಕಿದ್ದ.”

ನಾನು ತಲೆಯೆತ್ತಿದೆ.

“ನಿಮ್ಮವ್ವಗ ನೋವು ಎದ್ದಿತ್ತು. ಅಂವಗ ಈ ಕುಣಿತ ನೋಡಾಕ ಆಗಲಿಲ್ಲ. ಕಟ್ಟಿದ. ಆಮ್ಯಾಲೆ ಹಾಳಿ ಕೂಗಿತು, ನಾ ಓಡಿ ಬಂದೆ. ಬಂದಾಂವ ಕಲ್ಲು ಇಳಸಲಿಲ್ಲ, ಸಂಗವ್ವ. ಮೊದಲು ಹಗ್ಗ ಕೊಯ್ದೆ. ಉರುಳಿ ಚಿಮ್ಮಿ ಹಾಳಿ ಹರೀತು.”

ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಷ್ಟು ವರ್ಷ ನಮ್ಮಪ್ಪನೂ ಇವರೂ ಒಂದೇ ಮಾಡಿನ ಕೆಳಗೆ ಆ ಬದಿಗೊಬ್ಬರು ಈ ಬದಿಗೊಬ್ಬರು ಇದ್ದು, ನಡುವೆ ಹಾಳೆ ಓಡುತ್ತಿದ್ದರೂ ಒಂದು ದಿನವೂ ಯಾಕೆ ಕೂತು ಮಾತಾಡಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ಇಳಿಸಿಟ್ಟ ಮೂರು ಕಲ್ಲುಗಳನ್ನು ಎತ್ತಿ, ಒಂದನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ನನ್ನ ನೂಲಮ್ಮ ತಾಯಿಯ ಗೂಡಿನ ಮುಂದಿಟ್ಟರು.

ಮಧ್ಯಾಹ್ನಕ್ಕೆ ಕಾಶವ್ವ ಬಂದಳು. ಈ ಸಲ ಅವಳ ಮಾತು ಮುಗಿಯಲು ತೂಗುರುಳೆ ಇಪ್ಪತ್ತು ಸಲ ಏರಿಳಿಯಿತು, ಅದರಲ್ಲಿ ನನಗೆ ಬೇಕಾದದ್ದು ಮೊದಲ ಏರಿನಲ್ಲೇ ಸಿಕ್ಕಿತ್ತು. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಇದ್ದಾರೆ.

ಮೂರು ದಿನದ ನಂತರ ಅಳಿಯನ ಬಂಡಿ ಬಂತು. ಹಳೆಯ ತುದಿಗೆ ಹೊಸ ತುದಿ ಅಂಟಿಸಿ, ತಟ್ಟೆಗೆ ಅರವತ್ತು ಕಲ್ಲು ತುಂಬಿಸಿ, ನಾನು ಹೊಸ್ತಿಲು ದಾಟಿದೆ. ಮನೆಯಲ್ಲಿ ತಿಪ್ಪವ್ವ ಇನ್ನೂ ತಲೆ ಕೆಡಿಸಿಕೊಂಡಿದ್ದಳು. ನಲವತ್ತು ವರ್ಷದಲ್ಲಿ ಹೀಗಾಗಿರಲಿಲ್ಲವಂತೆ. ಮಗು ಬಂದದ್ದನ್ನು ಅವಳು ನೋಡಲಿಲ್ಲ, ಕೈ ಚಾಚಿದ್ದಳು, ಮಗು ಕೈಯಲ್ಲಿತ್ತು. ಮೊದಲ ಅಳುವನ್ನು ಯಾರೂ ಕೇಳಲಿಲ್ಲ. ಆ ಉಗುರಿನಗಲದ ಹೊತ್ತು ಪಡುವಣ ಸುರುಳಿಯೊಳಗೆ ಸೇರಿಹೋಗಿದೆ, ಇನ್ನು ಬಿಚ್ಚಲು ಬರುವುದಿಲ್ಲ.

ನಾನು ಮಗಳ ಪಕ್ಕದಲ್ಲಿ ಕೂತು, ಮೊದಲ ಸಲ ಅವಳಿಗೆ ಎದುರಾಗಿ ಕೂತು, ಹಗ್ಗದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ನನ್ನ ಹೆದರಿಕೆಗೆ ನಿನ್ನ ಉಸಿರನ್ನು ಕಟ್ಟಿಹಾಕಿದೆನೆಂದೆ. ಅವಳು ಮಗುವಿನ ಕಿವಿಯ ಹಿಂದಿನ ಎಣ್ಣೆಯನ್ನು ಒರೆಸಿದಳು.

“ಇನ್ನ ಆಗೂದಿಲ್ಲ ಅನ್ನೂವಾಗ ಒಂದು ಬಿಡುವು ಸಿಕ್ತು, ಯವ್ವಾ,” ಎಂದಳು. “ಯಾರೋ ಕೈ ಸಡ್ಲು ಬಿಟ್ಟಂಗಾತು. ಒಂದು ಉಸರು ತಗೊಂಡೆ.”

ತೊಟ್ಟಿಲು ಕಟ್ಟಲು ದಾವಲ್ ಕಾಕಾರನ್ನೇ ಕರೆಸಿದೆ. ಬಾಗಿಲಲ್ಲಿ ನಿಂತು ಬೇರೆ ಯಾರಾದರೂ ಕಟ್ಟಲಿ ಎಂದರು. ಅವ್ವನ ಹಗ್ಗದ ಎರಡು ತುಂಡುಗಳನ್ನು ಅವರ ಕೈಗಿಟ್ಟೆ. ಚಾಪೆಯ ಮೇಲೆ ಕೂತು, ತುದಿಗೆ ತುದಿ ಸೇರಿಸಿ, ಹಾಳೆಯ ತುದಿ ಅಂಟಿಸುವಷ್ಟೇ ನಿಧಾನವಾಗಿ ಗಂಟು ಹಾಕಿದರು. ಜಗ್ಗಿ ನೋಡಿದರು, ಸಡಿಲಿಸಿದರು, ಮತ್ತೆ ಜಗ್ಗಿದರು. ಗಂಟಿನಿಂದಾಗಿ ಒಂದು ಬದಿ ಎರಡು ಬೆರಳು ಗಿಡ್ಡವಾಗಿ ತೊಟ್ಟಿಲು ತುಸು ವಾರೆಯಾಗಿ ನಿಂತಿತು. ಮಗುವನ್ನು ಮಲಗಿಸಿದಾಗ ತಾನೇ ತೂಗತೊಡಗಿತು. ಕಾಕಾ ಕೈ ಚಾಚಿದರು, ಮುಟ್ಟಲಿಲ್ಲ. ಅದು ತೂಗುತ್ತಲೇ ಇತ್ತು, ನಾವೆಲ್ಲ ನೋಡುತ್ತ ಕೂತೆವು.

ನೀವು ಕಾಲು ಸ್ವಲ್ಪ ಮಡಚಿಕೊಳ್ಳಿ. ಉರುಳೆ ಒಂದು ಬೆರಳು ಮೇಲೆದ್ದಿದೆ, ನಾನೊಂದು ಕಲ್ಲು ಇಳಿಸಬೇಕು.